ಕಸುಬುಗಳ ಲೆಕ್ಕ, ಆಪತ್ತುಗಳ ಲೆಕ್ಕ

ಒಂದೇ ಕಸುಬನ್ನು ಕೈಗೊಂಡ ಹಲವರು ಒಂದೇ ಸೀಮೆಯಲ್ಲಿ ನೆಲೆಯೂರಿ ನಿಂತರೆ ಆ ಸೀಮೆಗೆ ಬಲ ಬರುವುದೆಂಬ ಮಾತು ಇಂದು ಸರ್ಕಾರದ ಯೋಜನೆಗಳಲ್ಲಿಯೂ ಬ್ಯಾಂಕುಗಳ ವರದಿಗಳಲ್ಲಿಯೂ ನಿರ್ವಿವಾದವಾದ ಸಿದ್ಧಾಂತದ ಸ್ಥಾನವನ್ನು ಪಡೆದಿದೆ. ಅಧಿಕಾರಿಗಳು ಕ್ಲಸ್ಟರ್ ಎಂದು ಕರೆಯುವ ಇಂತಹ ಉದ್ಯಮಸಮೂಹಗಳನ್ನು ಸಾಂಪ್ರದಾಯಿಕ ಕಸುಬುಗಳಲ್ಲಿ ಬೆಳೆಸುವುದಕ್ಕೆಂದೇ ಕೇಂದ್ರ ಸರ್ಕಾರ 2005ರಲ್ಲಿ ‘ಸ್ಫೂರ್ತಿ’ ಎಂಬ ಯೋಜನೆಯನ್ನು ಆರಂಭಿಸಿತು. ಸಿದ್ಧಾಂತ ಸುಳ್ಳಲ್ಲ, ಆದರೆ ಕಸುಬು ಒಂದೆಡೆ ನೆರೆಯುವುದರಿಂದ ಬರುವ ಬಲ ಒಂದು ಬಗೆಯದು, ಆಪತ್ತು ಎರಗಿದಾಗ ಸೀಮೆಯೊಂದು ಅದನ್ನು ತಾಳಿಕೊಂಡು ಮರಳಿ ಎದ್ದುನಿಲ್ಲುವ ಶಕ್ತಿ ಇನ್ನೊಂದು ಬಗೆಯದು. ಮೊದಲನೆಯದು ಇದ್ದಲ್ಲಿ ಎರಡನೆಯದೂ ತಾನಾಗಿಯೇ ಇರುವುದೆಂದು ನಂಬುವವರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಳೆದ ನೂರೈವತ್ತು ವರ್ಷಗಳ ಚರಿತ್ರೆಯನ್ನು ಒಮ್ಮೆ ಪರಾಮರ್ಶಿಸುವುದು ಲೇಸು. ಹೆಂಚು, ಬೀಡಿ, ಗೇರುಬೀಜ, ಅಡಿಕೆ ಎಂಬ ನಾಲ್ಕು ಕಸುಬುಗಳ ಉಬ್ಬರವಿಳಿತಗಳನ್ನು ಕಂಡ ಈ ಸೀಮೆ, ಒಂದೊಂದು ಕಸುಬೂ ಒಂದೊಂದು ಕಾಲದಲ್ಲಿ ಸೊರಗಿದಾಗಲೂ ತಾನು ಸಂಪೂರ್ಣವಾಗಿ ಸೊರಗಲಿಲ್ಲ. ಏಕೆ ಸೊರಗಲಿಲ್ಲವೆಂಬುದೂ, ಮುಂದೆಯೂ ಸೊರಗದೆಂದು ನೆಚ್ಚಬಹುದೆ ಎಂಬುದೂ ಈ ಲೇಖನದ ವಿಚಾರ.

ಕಸುಬುಗಳು ಒಂದೆಡೆ ಏಕೆ ನೆರೆಯುವುವೆಂಬುದನ್ನು ಮೊಟ್ಟಮೊದಲು ಶಾಸ್ತ್ರೀಯವಾಗಿ ವಿವೇಚಿಸಿದವನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್. 1890ರಲ್ಲಿ ಪ್ರಕಟವಾದ ತನ್ನ ಅರ್ಥಶಾಸ್ತ್ರದ ಮಹಾಗ್ರಂಥದಲ್ಲಿ ಅವನು ಶೆಫೀಲ್ಡಿನ ಚಾಕು ಕತ್ತರಿಗಳನ್ನೂ ಸ್ಟಾಫರ್ಡ್‌ಶೈರಿನ ಮಣ್ಣಿನ ಪಾತ್ರೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಮೂರು ಪ್ರಯೋಜನಗಳನ್ನು ಎಣಿಸಿದನು: ಪಳಗಿದ ಕೈಗಳು ಹುಡುಕಿದಲ್ಲೇ ದೊರೆಯುವುವು, ಮೂಲ ಕಸುಬಿಗೆ ಬೇಕಾದ ಉಪಕರಣ, ಸಾಗಣೆ, ರಿಪೇರಿ ಮೊದಲಾದ ಉಪವೃತ್ತಿಗಳು ಅದರ ಸುತ್ತ ಹುಟ್ಟಿಕೊಳ್ಳುವುವು, ಕಸುಬಿನ ಗುಟ್ಟುಗಳು ಗುಟ್ಟಾಗಿ ಉಳಿಯದೆ ಗಾಳಿಯಲ್ಲಿ ಬೆರೆತಂತೆ ಮಕ್ಕಳಿಗೂ ತಿಳಿದುಬರುವುವು. ಮಾರ್ಷಲನ ಈ ಮೂರು ಮಾತುಗಳನ್ನು ಕ್ಲಸ್ಟರಿನ ಪಕ್ಷಪಾತಿಗಳೆಲ್ಲ ಉದ್ಧರಿಸುತ್ತಾರೆ. ಅದೇ ಅಧ್ಯಾಯದಲ್ಲಿ ಅವನು ನೀಡಿದ ಎಚ್ಚರಿಕೆಯನ್ನು ಮಾತ್ರ ಉದ್ಧರಿಸುವವರು ವಿರಳ. ಒಂದೇ ಕಸುಬನ್ನು ಮುಖ್ಯವಾಗಿ ನೆಚ್ಚಿದ ಸೀಮೆ, ಅದರ ಸರಕಿಗೆ ಬೇಡಿಕೆ ಕುಗ್ಗಿದಾಗ ಅಥವಾ ಕಚ್ಚಾ ಪದಾರ್ಥದ ಪೂರೈಕೆ ನಿಂತಾಗ, ತೀವ್ರವಾದ ದುಃಸ್ಥಿತಿಗೆ ಈಡಾಗುವುದೆಂಬುದು ಆ ಎಚ್ಚರಿಕೆ.

ನಮ್ಮ ನೇತ್ರಾವತಿಯ ದಂಡೆಯಲ್ಲಿ ಈ ಎಚ್ಚರಿಕೆಗೆ ಹೆಂಚಿಗಿಂತ ಉತ್ತಮವಾದ ನಿದರ್ಶನವಿಲ್ಲ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನನ ಪ್ರಯತ್ನದಿಂದ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ಸ್ಥಾಪಿತವಾಯಿತು. 1868ರಲ್ಲಿ ಅಲ್ಬುಕರ್ಕ್ ಮನೆತನದವರದು ಆರಂಭವಾಯಿತು. ಬಳಿಕ ಒಂದರ ಹಿಂದೊಂದರಂತೆ ಕಾರ್ಖಾನೆಗಳು ನೇತ್ರಾವತಿ ಮತ್ತು ಗುರುಪುರ ನದಿಗಳ ತಟದಲ್ಲಿ ತಲೆಯೆತ್ತಿದುವು. ಜೇಡಿಮಣ್ಣು ನದೀತೀರದ್ದು, ಕಟ್ಟಿಗೆ ಘಟ್ಟದ ತಪ್ಪಲಿನದು, ಎರಡನ್ನೂ ಹೊತ್ತು ತರಲು ದೋಣಿಗಳಿದ್ದುವು, ಸಿದ್ಧವಾದ ಹೆಂಚನ್ನು ಮುಂಬಯಿಗೆ ಒಯ್ಯಲು ಮಂಜಿಗಳಿದ್ದುವು. ಮಾರ್ಷಲನು ಹೇಳಿದ ಮೂರು ಪ್ರಯೋಜನಗಳೂ ಇಲ್ಲಿ ಸಮಗ್ರವಾಗಿ ಕೂಡಿಬಂದು ‘ಮಂಗಳೂರು ಹೆಂಚು’ ಎಂಬ ಹೆಸರು ದೇಶಾಂತರಗಳಿಗೂ ಪರಿಚಿತವಾಯಿತು. ಮೊದಲನೆಯ ಮಹಾಯುದ್ಧದ ಪರಿಣಾಮವಾಗಿ ಮಿಷನ್ನಿನ ಉದ್ಯಮಗಳು ಜರ್ಮನ್ ಮತ್ತು ಸ್ವಿಸ್ ಕೈಗಳಿಂದ ತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದಾಗಲೂ ಹೆಂಚಿನ ಕಸುಬು ಕೆಡಲಿಲ್ಲ. ಒಬ್ಬ ಯಜಮಾನನು ಹೋದರೂ ಪಳಗಿದ ಕೈಗಳೂ ಆವಿಗೆಗಳೂ ಗಿರಾಕಿಗಳೂ ಇಲ್ಲಿಯೇ ಉಳಿದಿದ್ದುದರಿಂದ ಆ ಆಘಾತವನ್ನು ಸಮೂಹ ಜೀರ್ಣಿಸಿಕೊಂಡಿತು. ಆದರೆ ಕಾಂಕ್ರೀಟಿನ ತಾರಸಿ ಬಂದು, ಗದ್ದೆಯ ಮಣ್ಣು ದುರ್ಲಭವಾಗಿ, ಕಾಡಿನ ಕಟ್ಟಿಗೆ ದುಬಾರಿಯಾದಾಗ ಬಿದ್ದ ಪೆಟ್ಟು ಒಂದು ಕಾರ್ಖಾನೆಗೆ ಬಿದ್ದುದಲ್ಲ. ಎಲ್ಲರದೂ ಒಂದೇ ಮಣ್ಣು, ಒಂದೇ ಕಟ್ಟಿಗೆ, ಒಂದೇ ಪೇಟೆಯಾಗಿದ್ದುದರಿಂದ ಎಲ್ಲರೂ ಒಟ್ಟಿಗೇ ಬಾಗಿದರು. ಒಬ್ಬೊಬ್ಬರಿಗೆ ಬರುವ ಆಪತ್ತನ್ನು ಉದ್ಯಮಸಮೂಹ ತಡೆಯಬಲ್ಲುದು; ಎಲ್ಲರಿಗೂ ಏಕಕಾಲದಲ್ಲಿ ಬರುವ ಆಪತ್ತನ್ನು ಅದು ತಡೆಯಲಾರದು, ಪ್ರತ್ಯುತ ಇಮ್ಮಡಿಸುವುದು.

ಹೆಂಚಿಗಿಂತಲೂ ಆಳವಾಗಿ ಈ ಮೂರು ತಾಲ್ಲೂಕುಗಳ ಮನೆಮನೆಯನ್ನು ಹೊಕ್ಕ ಕಸುಬು ಬೀಡಿ. ಇದರ ವೈಚಿತ್ರ್ಯವನ್ನು ಗಮನಿಸಬೇಕು. ತೂಪರ ಎಲೆ ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾಗಳ ಕಾಡಿನಿಂದ ಬರತಕ್ಕದ್ದು. ಹೊಗೆಸೊಪ್ಪು ಗುಜರಾತಿನಿಂದಲೂ ನಿಪ್ಪಾಣಿಯ ಕಡೆಯಿಂದಲೂ ಬರತಕ್ಕದ್ದು. ಸೇದುವವರು ಬಹುಪಾಲು ಪರಸ್ಥಳದವರು. ಎಲೆಯೂ ನಮ್ಮದಲ್ಲ, ಸೊಪ್ಪೂ ನಮ್ಮದಲ್ಲ. ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಕಟ್ಟುವ ಹೆಂಗಸಿನ ಬೆರಳು ಮಾತ್ರ ನಮ್ಮದು. ಆ ಬೆರಳಿನ ಪಾಟವವನ್ನೇ ನೆಚ್ಚಿ ಮಂಗಳೂರಿನ ಬೀಡಿ ಕಂಪನಿಗಳು ಹಳ್ಳಿಹಳ್ಳಿಗಳಲ್ಲಿ ಬೀಡಿ ಬ್ರಾಂಚುಗಳನ್ನು ತೆರೆದುವು. ಬ್ರಾಂಚಿನಿಂದ ಎಲೆ, ಸೊಪ್ಪುಗಳನ್ನು ತೂಕಮಾಡಿಸಿಕೊಂಡು ಬಂದು, ಮನೆಗೆಲಸದ ನಡುನಡುವೆ ಕಟ್ಟಿ, ಮತ್ತೆ ಬ್ರಾಂಚಿಗೆ ಒಯ್ದು, ಸಾವಿರದ ಲೆಕ್ಕದಲ್ಲಿ ಮಜೂರಿ ಪಡೆಯುವ ಈ ವ್ಯವಸ್ಥೆಯಲ್ಲಿ ಕಾರ್ಖಾನೆಯ ಗೋಡೆಯೂ ಇಲ್ಲ, ಸಿಳ್ಳೂ ಇಲ್ಲ. ಉದ್ಯಮಸಮೂಹ ಊರಿನ ಜಗಲಿಗಳ ಮೇಲೆ ಹರಡಿಕೊಂಡಿದೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯೂ 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯಿದೆಯೂ ಬಂದ ಮೇಲೆ ಭವಿಷ್ಯನಿಧಿ, ಮಕ್ಕಳ ವಿದ್ಯಾರ್ಥಿವೇತನ ಮುಂತಾದ ಸೌಲಭ್ಯಗಳು ಈ ಜಗಲಿಯ ಕೆಲಸಕ್ಕೂ ಸಂದುವು.

ಬೀಡಿಯ ಮಜೂರಿ ಎಂದೂ ಸಮೃದ್ಧವಾದುದಲ್ಲ. ಆದರೂ ಅದು ಮನೆಯ ಒಟ್ಟು ಆದಾಯದಲ್ಲಿ ವಹಿಸಿದ ಪಾತ್ರ ದೊಡ್ಡದು. ಇಲ್ಲಿಯೂ ಮಾರ್ಷಲನ ಒಂದು ಸೂಕ್ಷ್ಮ ದೃಷ್ಟಿ ಸಹಾಯಕ್ಕೆ ಬರುತ್ತದೆ. ಕಬ್ಬಿಣ, ಗಣಿ ಮೊದಲಾದ ಗಂಡಸರ ಕಸುಬುಗಳಷ್ಟೇ ಇರುವ ಸೀಮೆಯಲ್ಲಿ ಒಬ್ಬೊಬ್ಬನ ಕೂಲಿ ಹೆಚ್ಚಾಗಿದ್ದರೂ ಸಂಸಾರದ ಸರಾಸರಿ ಆದಾಯ ಕಡಿಮೆಯಾಗಿರುವುದೆಂದೂ, ಪಕ್ಕದಲ್ಲಿ ನೇಯ್ಗೆಯಂತಹ ಪೂರಕ ಉದ್ಯಮ ಬೆಳೆದರೆ ಅದೇ ಪರಿಹಾರವೆಂದೂ ಅವನು ಬರೆದಿದ್ದನು. ನಮ್ಮಲ್ಲಿ 1974ರ ಭೂಸುಧಾರಣೆಯ ತಿದ್ದುಪಡಿ ಬಂದು, ರಾಜ್ಯದ ಬೇರೆಡೆಗಳಿಗಿಂತ ಹೆಚ್ಚು ಪರಿಣಾಮಕಾರಿಯಾಗಿ ದಕ್ಷಿಣ ಕನ್ನಡದಲ್ಲಿ ಜಾರಿಯಾದಾಗ, ಚಾಲಗೇಣಿಯ ಒಕ್ಕಲು ಭೂಮಿಯ ಒಡೆಯನಾದನು. ಆದರೆ ಒಡೆತನ ಬಂದ ಮಾತ್ರಕ್ಕೆ ತುಂಡು ಗದ್ದೆ ದೊಡ್ಡದಾಗಲಿಲ್ಲ. ಗದ್ದೆಯ ಪಕ್ಕದ ಗುಡ್ಡದಲ್ಲಿ ಅಡಿಕೆಯ ಸಸಿ ನೆಟ್ಟು, ಅದು ಫಲ ಕೊಡುವವರೆಗಿನ ಐದಾರು ವರ್ಷಗಳನ್ನು ಕಳೆಯುವುದು ಹೇಗೆ? ಅಕ್ಕಿಗೆ ಗದ್ದೆಯೂ ವಾರದ ಖರ್ಚಿಗೆ ಬೀಡಿಯೂ ನಾಳಿನ ಭರವಸೆಗೆ ಅಡಿಕೆಯೂ ಒಂದೇ ಮನೆಯಲ್ಲಿ ಸೇರಿದುದರಿಂದಲೇ ಹಲವು ಸಂಸಾರಗಳು ಗೇಣಿಯ ಕಾಲದಿಂದ ಸ್ವಂತ ತೋಟದ ಕಾಲಕ್ಕೆ ದಾಟಿದುವು. ಸೀಮೆಯ ತಾಳಿಕೆಯ ಮೂಲ ಒಂದು ಕಸುಬು ಒಂದೆಡೆ ನೆರೆದುದರಲ್ಲಿ ಮಾತ್ರ ಇರಲಿಲ್ಲ. ಬೇರೆ ಬೇರೆ ಕಸುಬುಗಳು ಒಂದೇ ಸೂರಿನ ಕೆಳಗೆ ಕೂಡಿದುದರಲ್ಲಿ ಇದ್ದಿತು.

ಒಂದನ್ನೇ ನೆಚ್ಚಿದವರ ಗತಿ ಏನಾಗಬಹುದೆಂಬುದಕ್ಕೆ ನೆರೆಯ ಕಣ್ಣೂರು ಸಾಕ್ಷಿಯಾಗಿದೆ. ಬೀಡಿ ಕಾಯಿದೆಯನ್ನು ಕೇರಳ ಸರ್ಕಾರ ಜಾರಿಗೆ ತರಲು ಹೊರಟಾಗ, 1968ರಲ್ಲಿ, ಮಂಗಳೂರಿನ ಕಂಪನಿಗಳು ಅಲ್ಲಿನ ತಮ್ಮ ಶಾಖೆಗಳನ್ನು ಮುಚ್ಚಿಕೊಂಡು ಬಂದುವು. ಸುಮಾರು ಹನ್ನೆರಡು ಸಾವಿರ ಕಾರ್ಮಿಕರು ಕೆಲಸವಿಲ್ಲದವರಾದರು. ಅವರಲ್ಲಿ ಅನೇಕರು ಸರ್ಕಾರದ ನೆರವಿನಿಂದ 1969ರಲ್ಲಿ ‘ಕೇರಳ ದಿನೇಶ್ ಬೀಡಿ’ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಬೀಡಿಯ ಬೇಡಿಕೆ ಇಳಿಯಲಾರಂಭಿಸಿದ ಮೇಲೆ ಅದೇ ಸಂಸ್ಥೆ ತಿನಿಸು, ಕೊಡೆ ಮುಂತಾದ ಸರಕುಗಳತ್ತ ತಿರುಗಿತು. ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಬಂಡವಾಳಕ್ಕೆ ಕಾಲುಗಳಿವೆ, ಪಳಗಿದ ಕೈಗೆ ಇಲ್ಲ. ಆದುದರಿಂದ ಬಂಡವಾಳ ಹೊರಟುಹೋದ ದಿನ ಸಮೂಹದ ಪ್ರಯೋಜನ ಯಾರ ಪಾಲಿಗೆ ಉಳಿಯುವುದೆಂಬುದು ಸಂಘಟನೆಯನ್ನು ಅವಲಂಬಿಸಿದೆ. ಎರಡನೆಯದಾಗಿ, ಸಂಘಟನೆ ಒಂದಿದ್ದರೆ ಕಸುಬು ಬದಲಾದರೂ ಜನ ಚದರುವುದಿಲ್ಲ.

ಈ ಎರಡನೆಯ ಪಾಠವನ್ನು ನಮ್ಮ ಸೀಮೆ ಬೀಡಿಯಲ್ಲಿ ಕಲಿಯದಿದ್ದರೂ ಅಡಿಕೆಯಲ್ಲಿ ಕಲಿಯಿತು. 1970ರ ಆಸುಪಾಸಿನಲ್ಲಿ ಅಡಿಕೆಯ ಧಾರಣೆ ಪಾತಾಳಕ್ಕಿಳಿದು ಬೆಳೆಗಾರರು ತತ್ತರಿಸಿದಾಗ, ವಾರಣಾಶಿ ಸುಬ್ರಾಯ ಭಟ್ಟರ ನಾಯಕತ್ವದಲ್ಲಿ, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನೊಳಗೊಂಡ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ 1973ರ ಜುಲೈ 11ರಂದು ಮಂಗಳೂರಿನಲ್ಲಿ ಸ್ಥಾಪನೆಗೊಂಡಿತು. ಅದು ಧಾರಣೆಯನ್ನು ತಾನೇ ನಿರ್ಧರಿಸಲಾರದು. ಆದರೆ ಖಾಸಗಿ ವರ್ತಕರು ಹಿಂದೆ ಸರಿದಾಗ ತಾನು ಕೊಳ್ಳಲು ನಿಲ್ಲುವುದರಿಂದ ಧಾರಣೆ ಒಮ್ಮೆಲೇ ನೆಲಕಚ್ಚದಂತೆ ತಡೆಯಬಲ್ಲುದು. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಲ್ಲಿ ಸ್ಥಾಪಿತವಾದ ಅಡಿಕೆ ಸಂಶೋಧನ ಕೇಂದ್ರ ಮಂಗಳ, ಸುಮಂಗಳದಂತಹ ತಳಿಗಳನ್ನು ಒದಗಿಸಿತಲ್ಲದೆ, ಅಡಿಕೆ ಮರಗಳ ನಡುವೆ ಕೊಕ್ಕೊ ಬೆಳೆಯುವ ಕ್ರಮಕ್ಕೂ ಇಂಬುಕೊಟ್ಟಿತು. ಕೊಕ್ಕೊ ಕೊಳ್ಳುತ್ತಿದ್ದ ಖಾಸಗಿ ಕಂಪನಿ ಪೇಟೆ ಇಳಿದಾಗ ಕೈಬಿಟ್ಟರೆ, ಕ್ಯಾಂಪ್ಕೊ ತಾನೇ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಒಂದೇ ತೋಟ, ಒಂದೇ ನೀರು, ಒಂದೇ ಆಳು; ಆದರೆ ಅಡಿಕೆಯ ಪೇಟೆ ಬೇರೆ, ಚಾಕೊಲೇಟಿನ ಪೇಟೆ ಬೇರೆ. ಇದಲ್ಲದೆ ಈ ಸೀಮೆಯ ಚಾಲಿ ಅಡಿಕೆಗೆ ತನ್ನದೇ ಆದ ಒಂದು ಗುಣವುಂಟು. ಬಿಸಿಲಿಗೆ ಒಣಗಿಸಿ ಜೋಪಾನವಾಗಿಟ್ಟರೆ ಅದು ಒಂದೆರಡು ವರ್ಷ ಕೆಡುವುದಿಲ್ಲ, ಹಳತಾದಂತೆ ಹೆಚ್ಚಿನ ಧಾರಣೆಯನ್ನೂ ಪಡೆಯಬಹುದು. ಧಾರಣೆ ಇಳಿದಾಗ ಮಾರದೆ ಅಟ್ಟದಲ್ಲಿಟ್ಟು ಕಾಯುವ ಶಕ್ತಿ ಯಾವ ಬೆಳೆಗಾರನಿಗಿದೆಯೋ ಅವನು ಪೇಟೆಯ ಒಂದು ಹೊಡೆತವನ್ನು ಮೌನವಾಗಿ ದಾಟಬಲ್ಲನು. ಆ ಶಕ್ತಿ ಬರುವುದು ಮನೆಯಲ್ಲಿ ಬೇರೊಂದು ಆದಾಯ ಇದ್ದಾಗ ಮಾತ್ರ.

ಮೂಡುಬಿದಿರೆಯ ಕಡೆಗೆ ಬಂದರೆ ಗೇರುಬೀಜದ ಲೋಕ ಎದುರಾಗುತ್ತದೆ. ಪೋರ್ಚುಗೀಸರು ತಂದ ಈ ಮರ ಕರಾವಳಿಯ ಮುರಕಲ್ಲಿನ ಗುಡ್ಡಗಳಿಗೆ ಒಗ್ಗಿಕೊಂಡಿತು. ಕಳೆದ ಶತಮಾನದ ಮೊದಲ ಭಾಗದಲ್ಲಿ ಮಂಗಳೂರಿನಲ್ಲಿ ಮೊದಲಾದ ಸಂಸ್ಕರಣೆಯ ಉದ್ಯಮ ಕ್ರಮೇಣ ಮೂಡುಬಿದಿರೆ, ಕಾರ್ಕಳದ ಸೀಮೆಗೂ ಹಬ್ಬಿತು. ಬೀಜವನ್ನು ಆವಿಯಲ್ಲಿ ಬೇಯಿಸಿ, ಸಿಪ್ಪೆ ಒಡೆದು, ಬೊರ್ಮವೆಂಬ ಬಿಸಿಗೂಡಿನಲ್ಲಿ ಒಣಗಿಸಿ, ಒಳಗಿನ ತೆಳುಪೊರೆಯನ್ನು ತೆಗೆದು, ಗಾತ್ರಕ್ಕನುಸಾರವಾಗಿ ವಿಂಗಡಿಸುವ ಈ ಕೆಲಸದಲ್ಲಿಯೂ ಹೆಂಗಸರದೇ ಸಿಂಹಪಾಲು. ಊರಿನ ಬೀಜ ಬೇಸಗೆಯ ಕೆಲವು ತಿಂಗಳಲ್ಲಿ ಬರುವುದು, ಅದೂ ಕಾರ್ಖಾನೆಗಳಿಗೆ ವರ್ಷವಿಡೀ ಸಾಲದು. ಆದುದರಿಂದ ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾಗಳಿಂದ ಹಡಗಿನಲ್ಲಿ ಕಚ್ಚಾಬೀಜವನ್ನು ತರಿಸಬೇಕು. ಹೀಗಾಗಿ ಆಫ್ರಿಕದಲ್ಲಿ ಮಳೆ ತಪ್ಪಿದರೆ ಮೂಡುಬಿದಿರೆಯ ಕಾರ್ಖಾನೆ ಚಿಂತಿಸಬೇಕು. ಯಂತ್ರಗಳ ಬಲದಿಂದ ಈ ಶತಮಾನದಲ್ಲಿ ಭಾರತವನ್ನು ಹಿಂದಿಕ್ಕಿದ ವಿಯೆಟ್ನಾಮು ಬೆಲೆ ಇಳಿಸಿದರೆ ಇಲ್ಲಿನ ಲಾಭ ಕರಗುವುದು.

ಈ ಕಸುಬುಗಳನ್ನು ಬದಿಬದಿಗಿಟ್ಟು ನೋಡಿದರೆ, ಒಂದೊಂದರ ಶತ್ರು ಬೇರೆ ಬೇರೆ ಎಂಬುದು ಸ್ಪಷ್ಟವಾಗುತ್ತದೆ. ಹೆಂಚಿಗೆ ಸಿಮೆಂಟು, ಬೀಡಿಗೆ ತೆರಿಗೆ ಮತ್ತು ಕಾಯಿದೆ, ಗೇರುಬೀಜಕ್ಕೆ ಆಫ್ರಿಕದ ಬೆಳೆ ಮತ್ತು ವಿಯೆಟ್ನಾಮಿನ ಯಂತ್ರ, ಅಡಿಕೆಗೆ ಆಟಿಯ ಮಳೆಯಲ್ಲಿ ಎರಗುವ ಕೊಳೆರೋಗ. ಕೊಳೆರೋಗದ ವರ್ಷದಲ್ಲಿ ಬೀಡಿಯ ಬ್ರಾಂಚು ಮುಚ್ಚಬೇಕಾಗಿರಲಿಲ್ಲ. ಬೀಡಿಯ ಕೆಲಸ ಕಡಿಮೆಯಾದ ವರ್ಷದಲ್ಲಿ ಅಡಿಕೆಗೆ ಧಾರಣೆ ಇರಬಹುದಾಗಿತ್ತು. ಹಲವು ಉದ್ಯಮಗಳಿರುವ ಸೀಮೆಯಲ್ಲಿ ಒಂದು ಸೋತಾಗ ಇತರವು ಪರೋಕ್ಷವಾಗಿ ಅದನ್ನು ಎತ್ತಿಹಿಡಿಯುವುವೆಂದೂ, ಅಂಗಡಿಯವನು ಕಷ್ಟದಲ್ಲಿರುವ ಗಿರಾಕಿಗೆ ಸಾಲ ಕೊಡಲು ಸಾಧ್ಯವಾಗುವುದು ಇದರಿಂದಲೇ ಎಂದೂ ಮಾರ್ಷಲನೇ ಸೂಚಿಸಿದ್ದನು. ನಮ್ಮ ಸೀಮೆ ಈ ಅಂಗಡಿಯ ಸಾಲವನ್ನು ಸಂಸ್ಥೆಯ ರೂಪಕ್ಕೇ ಏರಿಸಿತು. 1906ರಿಂದ 1931ರ ನಡುವೆ ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂಬ ಐದು ಬ್ಯಾಂಕುಗಳು ಅವಿಭಜಿತ ಜಿಲ್ಲೆಯಲ್ಲಿ ಜನಿಸಿದುವು. 1928ರಲ್ಲಿ ಮೊದಲಾದ ಪಿಗ್ಮಿ ಠೇವಣಿ ಎರಡಾಣೆಯ ಉಳಿತಾಯವನ್ನೂ ಮನೆಯ ಬಾಗಿಲಿಗೆ ಬಂದು ಸಂಗ್ರಹಿಸಿತು. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೂ, ಉಜಿರೆಯಲ್ಲಿ ಯುವಕರಿಗೆ ಸ್ವಉದ್ಯೋಗದ ತರಬೇತಿ ನೀಡುವ ರುಡ್‌ಸೆಟ್ ಸಂಸ್ಥೆಯೂ ಹುಟ್ಟಿದುವು. ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಒಬ್ಬರ ತೋಟದಲ್ಲಿ ಒಬ್ಬರು ದುಡಿದು ಶ್ರಮವನ್ನೇ ವಿನಿಮಯ ಮಾಡಿಕೊಂಡರು. ಇವೆಲ್ಲವೂ ಯಾವ ಒಂದು ಕಸುಬಿಗೂ ಅಂಟಿಕೊಳ್ಳದೆ ಎಲ್ಲ ಕಸುಬುಗಳಿಗೂ ಒದಗುವ ಸಂಸ್ಥೆಗಳಾಗಿದ್ದುದೇ ಇವುಗಳ ವಿಶೇಷ.

ಇಷ್ಟು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಆತ್ಮಪ್ರಶಂಸೆ ಮಾಡಿಕೊಂಡಂತಾಗುವುದು. ಕಸುಬುಗಳನ್ನು ಎಣಿಸಿ ನಾಲ್ಕಿವೆ, ಐದಿವೆ ಎಂದು ಸಮಾಧಾನಗೊಳ್ಳುವುದಕ್ಕೆ ಮುನ್ನ ಅವುಗಳ ಆಪತ್ತುಗಳನ್ನು ಬಿಡಿಬಿಡಿಯಾಗಿ ಎಣಿಸಬೇಕು. ಬೀಡಿ ಮತ್ತು ಅಡಿಕೆ ಎರಡು ಕಸುಬುಗಳೆಂದು ತೋರಿದರೂ ಇಂದು ಅವೆರಡರ ಮೇಲೂ ತೂಗುತ್ತಿರುವ ಖಡ್ಗ ಒಂದೇ, ಅದು ಸಾರ್ವಜನಿಕ ಆರೋಗ್ಯದ ನ್ಯಾಯ. ತಂಬಾಕಿನ ಮೇಲೆ 2003ರ ಕಾಯಿದೆ ಬಂದಿತು. 2016ರಿಂದ ಕಟ್ಟಿನ ಶೇಕಡ 85 ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸತಕ್ಕದ್ದೆಂಬ ನಿಯಮ ಜಾರಿಯಾಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿ ಶೇಕಡ 28ರ ಮೇಲ್ಹಂತದ ತೆರಿಗೆಗೆ ಒಳಗಾಯಿತು. ಅತ್ತ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗ ಅಡಿಕೆಯನ್ನು 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ಕರ್ನಾಟಕ ಗುಟ್ಕಾವನ್ನು ನಿಷೇಧಿಸಿತು. ಅಡಿಕೆಯ ಕಾಯಿಗೆ ಪೇಟೆ ತಪ್ಪಿದರೂ ಹಾಳೆಗೆ ತಪ್ಪದೆಂದು ನಂಬಿ ಹಾಳೆತಟ್ಟೆಯ ಘಟಕಗಳನ್ನು ಹಲವರು ಸ್ಥಾಪಿಸಿದರು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ, ಅಡಿಕೆಯಲ್ಲಿರುವ ಕ್ಷಾರಸತ್ತ್ವಗಳು ತಟ್ಟೆಯಿಂದ ಆಹಾರಕ್ಕೆ ಸೇರಬಹುದೆಂಬ ಕಾರಣದಿಂದ ಅವುಗಳ ಬಳಕೆಯ ವಿರುದ್ಧ ಎಚ್ಚರಿಕೆ ಹೊರಡಿಸಿದಾಗ, ಹೊಸ ಕಸುಬು ಹಳೆಯ ಆಪತ್ತಿನಿಂದ ಬೇರಾಗಿರಲಿಲ್ಲವೆಂಬುದು ತಿಳಿದುಬಂದಿತು. ಆರೋಗ್ಯದ ನ್ಯಾಯವನ್ನು ನಾವು ದೂರುವಂತಿಲ್ಲ. ಸೇದುವವನ ಶ್ವಾಸಕೋಶವೂ ಅಗಿಯುವವನ ಬಾಯಿಯೂ ನಮ್ಮ ಜಿಲ್ಲೆಯ ಆದಾಯಕ್ಕಾಗಿ ಸೃಷ್ಟಿಯಾದುವಲ್ಲ. ಆದರೆ ಅದರ ಪರಿಣಾಮವನ್ನು ಮುಂಗಾಣದಿರುವುದು ನಮ್ಮದೇ ದೋಷವಾಗುವುದು.

ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ನಡೆಯುತ್ತಿದೆ. ಬೀಡಿ ಕಟ್ಟಿದ ತಾಯಂದಿರ ಹೆಣ್ಣುಮಕ್ಕಳು ಓದಿ ಬೇರೆ ಉದ್ಯೋಗಗಳಿಗೆ ಹೋಗುತ್ತಿದ್ದಾರೆ. ಅದು ಸಂತೋಷದ ಸಂಗತಿ, ಆ ಬೀಡಿಯ ಸಾರ್ಥಕ್ಯವೂ ಅದರಲ್ಲಿಯೇ ಇದೆ. ಆದರೆ ಅದೇ ಕಾಲದಲ್ಲಿ ಭತ್ತದ ಗದ್ದೆಗಳೆಲ್ಲ ಅಡಿಕೆಯ ತೋಟಗಳಾಗುತ್ತಿವೆ. ಎಲೆಚುಕ್ಕಿ ರೋಗ ಬೆಳ್ತಂಗಡಿಯ ಘಟ್ಟದಂಚಿನ ತೋಟಗಳನ್ನೂ ಬಾಧಿಸತೊಡಗಿದೆ. ಅಡಿಕೆ ಬೆಳೆಯುವ ಸೀಮೆ ಘಟ್ಟದ ಮೇಲಿನ ಬಯಲುಗಳಿಗೂ ಹಬ್ಬಿ ಪೈಪೋಟಿ ಹೆಚ್ಚಿದೆ. ಗದ್ದೆ, ಬೀಡಿ, ತೋಟ ಎಂಬ ಮೂರು ಕಾಲುಗಳ ಮೇಲೆ ನಿಂತಿದ್ದ ಮನೆ ಒಂದೇ ಮರವನ್ನು ಆನಿಕೊಳ್ಳುತ್ತಿದೆ. ಧಾರಣೆ ಚೆನ್ನಾಗಿರುವಾಗ ಇದು ಅರಿವಿಗೆ ಬರುವುದಿಲ್ಲ. ಹೆಂಚಿನ ಕಾರ್ಖಾನೆಯ ಯಜಮಾನರಿಗೂ ಒಳ್ಳೆಯ ದಿನಗಳಲ್ಲಿ ಅರಿವಿಗೆ ಬಂದಿರಲಾರದು.

ಆದುದರಿಂದ ಹೊಸ ಯೋಜನೆಯೊಂದನ್ನು ಈ ತಾಲ್ಲೂಕುಗಳಿಗೆ ತರುವ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆಯನ್ನು ಕೇಳುವುದು ಯುಕ್ತ. ಇದು ಎಷ್ಟು ಮಂದಿಗೆ ಕೆಲಸ ಕೊಡುವುದೆಂಬುದನ್ನು ಕೇಳುವುದು ಸರಿಯೇ. ಅದರೊಡನೆ, ಈಗಿರುವ ಕಸುಬುಗಳು ಯಾವ ಆಪತ್ತಿಗೆ ಅಂಜುತ್ತಿವೆಯೋ ಆ ಆಪತ್ತಿಗೆ ಇದೂ ಅಂಜುವುದೆ ಎಂಬುದನ್ನು ಕೇಳಬೇಕು. ಕೊಕ್ಕೊ, ಕಾಳುಮೆಣಸು, ಬೆಳ್ತಂಗಡಿಯಲ್ಲಿ ನೆಲೆಗೊಂಡಿರುವ ರಬ್ಬರು, ಊರಿನದೇ ಗೇರುಬೀಜ ಇವುಗಳಿಗೆ ಈ ಪರೀಕ್ಷೆಯಲ್ಲಿ ಅಡಿಕೆಯ ಹೊಸ ತೋಟಕ್ಕಿಂತ ಹೆಚ್ಚಿನ ಅಂಕ ದೊರೆಯುವುದು. ಬೀಡಿ ಬ್ರಾಂಚುಗಳು ಕುಗ್ಗುತ್ತಿರುವೆಡೆಯಲ್ಲಿ ಬೆರಳಿನ ಪಾಟವವುಳ್ಳ ಸಹಸ್ರಾರು ಹೆಂಗಸರನ್ನು ಒಬ್ಬೊಬ್ಬರಾಗಿ ಚದರಿಹೋಗಲು ಬಿಡದೆ, ಕಣ್ಣೂರಿನವರಂತೆ ಅವರದೇ ಸಹಕಾರಿ ಸಂಘಗಳಡಿಯಲ್ಲಿ ಹಿಡಿದಿಟ್ಟು ಬೇರೆ ಕೆಲಸಕ್ಕೆ ಹೊರಳಿಸುವುದಕ್ಕೆ ಇದು ಸಕಾಲ. ಬ್ರಾಂಚುಗಳೆಲ್ಲ ಮುಚ್ಚಿದ ಮೇಲೆ ಸಂಘ ಕಟ್ಟಲು ಜನ ಒಂದೆಡೆ ಸಿಗುವುದಿಲ್ಲ. ಕಸುಬುಗಳು ನೆರೆಯುವುದು ಪೇಟೆಯ ಸೆಳೆತದಿಂದ ತಾನಾಗಿ ನಡೆದುಹೋಗುವ ಕಾರ್ಯ. ಆಪತ್ತುಗಳನ್ನು ಬೇರ್ಪಡಿಸುವುದು ಮಾತ್ರ ಜನರೂ ಸಹಕಾರಿ ಸಂಘಗಳೂ ಸರ್ಕಾರವೂ ಬುದ್ಧಿಪೂರ್ವಕವಾಗಿ ಕೈಗೊಂಡರೆ ಆಗುವ ಕಾರ್ಯ, ಮತ್ತು ಅದನ್ನು ಧಾರಣೆ ಚೆನ್ನಾಗಿರುವ ಕಾಲದಲ್ಲಿಯೇ ಕೈಗೊಳ್ಳಬೇಕು.